ಮೊಮ್ಮಗಳ ಸುಪರ್ದಿಗೆ ಬಿಟ್ಟ ಗೊಬ್ಬರದ ಮಡಕೆ

ಮೂರನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಪರಿಸರ ಅಧ್ಯಯನದ ಪರೀಕ್ಷೆಯಲ್ಲಿ ಹಸಿ ಕಸ, ಒಣ ಕಸಗಳನ್ನು ಸರಿಯಾಗಿ ವಿಂಗಡಿಸಿ ಬರೆದು ಪೂರ್ತಿ ಅಂಕ ತಂದ ದಿನವೇ, ಬಾಳೆಹಣ್ಣಿನ ಸಿಪ್ಪೆಯನ್ನು ಬಿಸ್ಕತ್ತಿನ ಕವರಿನೊಳಗೆ ತುರುಕಿ ಅಡುಗೆಮನೆಯ ಮೂಲೆಗೆ ಎಸೆದಿದ್ದಳು. ಗದರಿಸಲು ನನಗೆ ಮನಸ್ಸಾಗಲಿಲ್ಲ. ಮನೆಯ ಕಸದಲ್ಲಿ ತನಗೂ ಒಂದು ಪಾಲಿದೆಯೆಂದು ಅವಳಿಗೆ ನಾವ್ಯಾರೂ ಹೇಳಿರಲಿಲ್ಲ. ಚಿಕ್ಕ ಮಕ್ಕಳಿಗೆ ಹತ್ತು ನಿಯಮಗಳನ್ನು ಒಪ್ಪಿಸುವುದಕ್ಕಿಂತ ಒಂದೇ ಕೆಲಸವನ್ನು ಪೂರ್ತಿಯಾಗಿ ಅವರ ಸುಪರ್ದಿಗೆ ಬಿಡುವುದು ಮೇಲು ಎಂದು ನನಗೆ ಅಂದು ತೋರಿತು.

ನಾವು ಆರಿಸಿಕೊಂಡದ್ದು ಗೊಬ್ಬರದ ಮಡಕೆ. ಪಕ್ಕದಲ್ಲಿ ಗಾಳಿಗೆ ತೂತುಗಳಿರುವ ಮಣ್ಣಿನ ಮಡಕೆಯ ತಳಕ್ಕೆ ನಾಲ್ಕು ಬೆರಳಿನಷ್ಟು ತರಗೆಲೆ ಹಾಸಿ, ದಿನದ ತರಕಾರಿ ಸಿಪ್ಪೆಗೆ ಅದರಷ್ಟೇ ತರಗೆಲೆ ಮುಚ್ಚಿ, ವಾರಕ್ಕೊಮ್ಮೆ ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ, ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿದರೆ ಸಾಕು. ಮೊದಲ ಸಲ ನಾನೇ ಕೆಡಿಸಿದೆ. ಉಳಿದ ಸಾರನ್ನವನ್ನೂ ಅದಕ್ಕೇ ಸುರಿದದ್ದರಿಂದ ಒಳಗೆ ಗಾಳಿಯಾಡದೆ ಕೊಳೆತು, ಮೇಲಿನ ಮನೆಯವರು ಮೂಗು ಮುಚ್ಚಿಕೊಂಡು ಕೆಳಗಿಳಿದು ಬಂದರು. ಅಂದಿನಿಂದ ಮೊಮ್ಮಗಳೇ ಪರೀಕ್ಷಕಿ: ಒಂದು ಹಿಡಿಯನ್ನು ಮುಷ್ಟಿಯಲ್ಲಿ ಹಿಂಡಿ, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನಷ್ಟು ತರಗೆಲೆ ಬೆರೆಸುತ್ತಾಳೆ, ಪುಡಿಪುಡಿಯಾಗಿ ಉದುರಿದರೆ ತುಸು ನೀರು ಚಿಮುಕಿಸುತ್ತಾಳೆ. ತರಗೆಲೆಗೆ ನಮ್ಮ ಬೆಂಗಳೂರಿನಲ್ಲಿ ಬರವಿಲ್ಲ. ಶಿವರಾತ್ರಿಯ ಆಸುಪಾಸಿನಲ್ಲಿ ಬೀದಿಯ ಹೊಂಗೆ ಮರಗಳು ಉದುರಿಸುವುದನ್ನು ಯಾರೋ ಬೆಂಕಿ ಹಚ್ಚುವ ಮೊದಲೇ ಎರಡು ಗೋಣಿಚೀಲ ತುಂಬಿಟ್ಟುಕೊಂಡರೆ ಮಳೆಗಾಲಕ್ಕೂ ಒದಗುತ್ತದೆ. ಮಡಕೆ ತುಂಬಿದ ಮೇಲೆ ಸುಮಾರು ಎರಡು ತಿಂಗಳು ಬಿಟ್ಟರೆ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಅದನ್ನು ಮೂರು ಪಾಲು ಮಣ್ಣಿಗೆ ಒಂದು ಪಾಲಿನಂತೆ ಬೆರೆಸಿ ಮೆಂತ್ಯದ ಕಾಳು ಬಿತ್ತಿಸಿರಿ. ಕಾಯುವ ವ್ಯವಧಾನವಿಲ್ಲದ ಮಕ್ಕಳಿಗೆ ನಾಲ್ಕೈದು ದಿನದಲ್ಲೇ ಮೊಳಕೆ ಕಾಣಿಸುವ ಬೆಳೆಯೇ ತಕ್ಕದ್ದು.

ಒಣ ಕಸದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡದೆ, ಅಂಟಿಕೊಂಡಿರುವಂತೆ ಬಿಟ್ಟು, ತೊಳೆದು ಬಟ್ಟೆಯ ಹಗ್ಗಕ್ಕೆ ಸಿಕ್ಕಿಸಿದರೆ ಆ ಚೂರು ಚರಂಡಿ ಸೇರುವುದಿಲ್ಲ. ಹುಟ್ಟುಹಬ್ಬಕ್ಕೆ ತರಗತಿಗೆ ಹಂಚಲು ಹೊಳೆಯುವ ಕಾಗದದ ಚಾಕೊಲೇಟಿಗಿಂತ ಡಬ್ಬಿಯಲ್ಲಿ ಒಯ್ದ ಕಡಲೆಮಿಠಾಯಿ ಸಾಕು.

ನೀರಿನ ಪಾಠಕ್ಕೆ ಶಾಲೆಯ ಗಣಿತವನ್ನೇ ಬಳಸಿಕೊಳ್ಳಬಹುದು. ನಮ್ಮ ನಲ್ಲಿಯ ಕಾವೇರಿ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯ ಕಡೆಯಿಂದ, ಹಂತಹಂತವಾಗಿ ಪಂಪು ಮಾಡಿ ಮೇಲೆತ್ತಿದ ನೀರೆಂದು ತಿಳಿಸಿದರೆ ಮಕ್ಕಳು ಕಣ್ಣರಳಿಸುತ್ತಾರೆ, ಮರುದಿನ ಮರೆಯುತ್ತಾರೆ. 2024ರ ಬೇಸಿಗೆಯಲ್ಲಿ ಊರೆಲ್ಲ ಟ್ಯಾಂಕರಿಗಾಗಿ ಕಾದದ್ದನ್ನು ದೊಡ್ಡವರೇ ಮರೆತಿರುವಾಗ ಮಕ್ಕಳನ್ನು ದೂರುವುದೇಕೆ? ಹಾಗಾಗಿ ಬಚ್ಚಲಿನ ಸೋರುವ ನಲ್ಲಿಯ ಕೆಳಗೆ ಅರ್ಧ ಲೀಟರಿನ ಚೊಂಬನ್ನಿಟ್ಟು ಗಡಿಯಾರ ನೋಡಲು ಹೇಳಿದೆ. ಚೊಂಬು ತುಂಬಲು 40 ನಿಮಿಷ ಹಿಡಿಯಿತು. ದಿನಕ್ಕೆ 36 ಚೊಂಬು, ಅಂದರೆ 18 ಲೀಟರು ಎಂದು ಅವಳು ಲೆಕ್ಕ ಹಾಕಿ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು. ಎರಡು ತಿಂಗಳಿಂದ ನಾಳೆ ನಾಳೆ ಎನ್ನುತ್ತಿದ್ದ ನನ್ನ ಮಗ ಅಂದು ಸಂಜೆಯೇ ವಾಷರ್ ತರಲು ಅಂಗಡಿಗೆ ಹೋದ.