ಹಳೆ ಥಿಂಕ್‌ಪ್ಯಾಡ್‌ಗೆ ರ‍್ಯಾಮ್ ಹಾಕಿದ ಅನುಭವ

ನನ್ನ ಲ್ಯಾಪ್‌ಟಾಪ್ ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್230. 2012ರಲ್ಲಿ ಬಂದ ಮಾಡೆಲ್, ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಅದರ ಕೀಬೋರ್ಡ್ ಬಿಟ್ಟುಕೊಡಲು ಮನಸ್ಸೇ ಬರುವುದಿಲ್ಲ. ಎಸ್‌ಎಸ್‌ಡಿ ಅನ್ನೋ ಚುರುಕು ಡಿಸ್ಕ್ ಆಗಲೇ ಹಾಕಿದ್ದೆ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಇತ್ತು. ಆದರೂ ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್, ಜೊತೆಗೆ ಒಂದು ದೊಡ್ಡ ಸ್ಪ್ರೆಡ್‌ಶೀಟ್ ತೆರೆದರೆ ಮೌಸ್ ಕೂಡ ನಿಂತು ನಿಂತು ಓಡುತ್ತಿತ್ತು.

ನಿಧಾನ ಆಯ್ತು ಅಂತ ಸುಮ್ನೆ, ತೆರೆದ ಕೆಲಸಗಳನ್ನು ಹಿಡಿದಿಡುವ ಮೆಮೊರಿಯಾದ ರ‍್ಯಾಮ್ ಕೊಳ್ಳಬಾರದು. ಮೊದಲು ಸಿಸ್ಟಮ್ ಮಾನಿಟರ್ ತೆರೆದಿಟ್ಟುಕೊಂಡು ದಿನದ ಕೆಲಸ ಮಾಡಿದೆ. ಇದ್ದ 4 ಜಿಬಿ ಪೂರ್ತಿ ತುಂಬಿ, ಸ್ವಾಪ್ ಏರುತ್ತಲೇ ಇತ್ತು. ಅಂದರೆ ಜಾಗ ಸಾಲದೆ ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸ್ ತರುತ್ತಿತ್ತು. ಎಸ್‌ಎಸ್‌ಡಿ ಎಷ್ಟೇ ಚುರುಕಾಗಿದ್ದರೂ ರ‍್ಯಾಮ್‌ಗೆ ಸಮ ಅಲ್ಲ. ವಿಂಡೋಸ್ ಇದ್ದವರು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಬಹುದು, ಎಷ್ಟು ಸ್ಲಾಟ್ ತುಂಬಿವೆ ಅನ್ನೋದೂ ಅಲ್ಲೇ ಸಿಗುತ್ತದೆ. ಮೆಮೊರಿ ಅರ್ಧ ಖಾಲಿಯೇ ಇದ್ದರೆ ರ‍್ಯಾಮ್‌ಗೆ ಹಾಕಿದ ದುಡ್ಡು ದಂಡ.

ಅಂಗಡಿಗೆ ಹೋಗುವ ಮುಂಚೆ ಲ್ಯಾಪ್‌ಟಾಪ್ ಬಿಚ್ಚಿ, ಒಳಗಿದ್ದ ಮೆಮೊರಿ ಕಡ್ಡಿಯ ಲೇಬಲ್ ಫೋಟೊ ತೆಗೆದುಕೊಂಡೆ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ನನ್ನದರಲ್ಲಿ ಪಿಸಿ3-12800ಎಸ್ ಅಂತ ಇತ್ತು. ಪಿಸಿ3 ಅಂದರೆ ಡಿಡಿಆರ್3 ಪೀಳಿಗೆಯ ಮೆಮೊರಿ. 12800 ಅಂದರೆ 1600ರ ವೇಗ, ಸೆಕೆಂಡಿಗೆ 1600 ದಶಲಕ್ಷ ಸಲ ಡೇಟಾ ಸಾಗುತ್ತದೆ: ಒಂದೊಂದು ಸಲಕ್ಕೆ 8 ಬೈಟ್, 1600ನ್ನು 8ರಿಂದ ಗುಣಿಸಿ ನೋಡಿ. ಕೊನೆಯ ಎಸ್ ಲ್ಯಾಪ್‌ಟಾಪಿನ ಚಿಕ್ಕ ಕಡ್ಡಿಯ ಗುರುತು. ಪಿಸಿ3ಎಲ್ ಅಂತಿದ್ದರೆ ಅದು 1.35 ವೋಲ್ಟಿನದು, ಎಲ್ ಇಲ್ಲದ್ದು 1.5 ವೋಲ್ಟಿನದು. ಎಕ್ಸ್230ಗೆ ಎರಡೂ ಆಗುತ್ತವೆ. ಆದರೆ ಇಂಟೆಲ್ 4ನೇ ಪೀಳಿಗೆಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳು ಎಲ್ ಇರುವುದನ್ನೇ ಕೇಳುತ್ತವೆ. ಡಿಡಿಆರ್4 ಕಡ್ಡಿ ಇದರಲ್ಲಿ ಕೂರುವುದೇ ಇಲ್ಲ. ಲ್ಯಾಪ್‌ಟಾಪಿನ ಡಿಡಿಆರ್3 ಕಡ್ಡಿಗೆ 204 ಪಿನ್, ಡಿಡಿಆರ್4ಗೆ 260.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವರಿಗೆ ಫೋಟೊ ತೋರಿಸಿದೆ. "ಎಲ್ ಇರೋದು ತಗೊಳ್ಳಿ ಸರ್, ನಾಳೆ ಬೇರೆ ಲ್ಯಾಪ್‌ಟಾಪಿಗೂ ಬರುತ್ತೆ" ಅಂದರು. ಒಳ್ಳೆ ಮಾತು ಅನ್ನಿಸಿತು. 8 ಜಿಬಿಯ ಒಂದು ಕಡ್ಡಿ ತಗೊಂಡೆ. ಎಕ್ಸ್230ಗೆ 16 ಜಿಬಿವರೆಗೂ ಹಾಕಬಹುದು, ಆದರೆ ನನ್ನ ಕೆಲಸಕ್ಕೆ 12 ಧಾರಾಳ. 4 ಮತ್ತು 8 ಜೊತೆಗೆ ಹಾಕಬಾರದು ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ಇಂತಹ ಇಂಟೆಲ್ ಯಂತ್ರಗಳಲ್ಲಿ ಎರಡರಿಂದಲೂ 4, 4 ಸೇರಿ 8 ಜಿಬಿ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ, ಉಳಿದ 4 ಸಿಂಗಲ್‌ನಲ್ಲಿ ಓಡುತ್ತದೆ.

ಹಾಕುವುದು ಸುಲಭ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಒಳಗೆ ಉಳಿದ ಕರೆಂಟ್ ಹೋಗಲಿ ಅಂತ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಕೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ ಅಂತ ಕಿಟಕಿಯ ಕಬ್ಬಿಣದ ಸರಳು ಮುಟ್ಟಿದೆ. ತಳದ ಚಿಕ್ಕ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿದರೆ ಎರಡೂ ಸ್ಲಾಟ್ ಎದುರಿಗೇ ಇವೆ. ಕಡ್ಡಿಯನ್ನು ಅಂಚಿನಲ್ಲಿ ಹಿಡಿದು, ಅದರ ಕಚ್ಚನ್ನು ಸ್ಲಾಟಿನ ಉಬ್ಬಿಗೆ ಹೊಂದಿಸಿ, ಓರೆಯಾಗಿ ತಳ್ಳಬೇಕು. ಚಿನ್ನದ ಬಣ್ಣದ ಪಿನ್‌ಗಳು ಹೆಚ್ಚುಕಮ್ಮಿ ಪೂರ್ತಿ ಒಳಗೆ ಹೋದ ಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಕಡೆಯ ಕ್ಲಿಪ್ ಟಕ್ ಅಂತ ಹಿಡಿಯುತ್ತದೆ. ಪಿನ್ ಜಾಸ್ತಿ ಹೊರಗೇ ಕಾಣುತ್ತಿದ್ದರೆ ಸರಿಯಾಗಿ ಕೂತಿಲ್ಲ ಅಂತಲೇ ಅರ್ಥ. ಬಲ ಹಾಕಬೇಡಿ, ತೆಗೆದು ಮತ್ತೆ ಓರೆಯಾಗಿ ತಳ್ಳಿ.

ಆನ್ ಮಾಡಿ ಎಫ್1 ಒತ್ತಿ, ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ 12 ಜಿಬಿ ಬಂದಿದೆಯಾ ನೋಡಿದೆ, ಬಂದಿತ್ತು. ಆಮೇಲೆ ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಿಸಿದೆ. ಹಳೆ ರ‍್ಯಾಮ್ ಮಾರುಕಟ್ಟೆಯಲ್ಲಿ ಇದನ್ನು ಬಿಡಲೇಬಾರದು. ಒಂದೇ ಒಂದು ಎರರ್ ಬಂದರೂ ಆ ಕಡ್ಡಿ ಇಟ್ಟುಕೊಳ್ಳಬಾರದು, ಕಡತಗಳೇ ಕೆಟ್ಟುಹೋಗುತ್ತವೆ. ಕೊಳ್ಳುವಾಗಲೇ ಬದಲಿಸಿಕೊಡುವ ಮಾತು ಬಿಲ್ ಮೇಲೆ ಬರೆಸಿಕೊಂಡಿದ್ದೆ.

ಈಗ ಅದೇ ಟ್ಯಾಬ್‌ಗಳು, ಅದೇ ಸ್ಪ್ರೆಡ್‌ಶೀಟ್, ಸ್ವಾಪ್ ಸೊನ್ನೆಯ ಹತ್ತಿರವೇ ಇರುತ್ತದೆ. ಆನ್ ಆಗುವ ಹೊತ್ತು ಮಾತ್ರ ಮೊದಲಿನಷ್ಟೇ, ಅದು ರ‍್ಯಾಮ್‌ನ ಕೆಲಸ ಅಲ್ಲವಲ್ಲ. ಇನ್ನು ಹೊಸ ಬ್ಯಾಟರಿ ಹುಡುಕಬೇಕು.