ಕಾರಿನಲ್ಲಿ ಕೆಲಸಕ್ಕೆ ಹೋಗಿಬರುವ ಖರ್ಚು: ಮನೆ ಹಿಡಿಯುವ ಮುನ್ನ ಹಾಕಬೇಕಾದ ಲೆಕ್ಕ

ಬಾಡಿಗೆ ಕಡಿಮೆ ಎಂದು ಊರಾಚೆ ಮನೆ ಹಿಡಿದರೆ, ಉಳಿದ ಹಣವೆಲ್ಲ ರಸ್ತೆಯಲ್ಲೇ ಕರಗಬಹುದು. ಕರಾರಿಗೆ ಸಹಿ ಹಾಕುವ ಮೊದಲೇ ಲೆಕ್ಕ ಹಾಕಿ.

ಮೊದಲು ಇಂಧನ. ಕಂಪನಿ ಹೇಳುವ ಮೈಲೇಜನ್ನು ನೆಚ್ಚಬೇಡಿ. ಬಂಕಿನಲ್ಲಿ ಪಂಪ್ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಎಂದಿನ ದಾರಿಯಲ್ಲೇ ಓಡಾಡಿ, ಕಾಲು ಟ್ಯಾಂಕ್ ಉಳಿದಾಗ ಮತ್ತೆ ಹಾಗೆಯೇ ತುಂಬಿಸಿ. ಎರಡನೇ ಸಲ ಹಿಡಿದ ಲೀಟರುಗಳನ್ನು 100ರಿಂದ ಗುಣಿಸಿ, ಓಡಿದ ಕಿಲೋಮೀಟರುಗಳಿಂದ ಭಾಗಿಸಿ. 100 ಕಿ.ಮೀ.ಗೆ ಎಷ್ಟು ಲೀಟರ್ ಬೇಕೆಂದು ಸಿಗುತ್ತದೆ. ಪಂಪ್ ನಿಲ್ಲುವ ಮಟ್ಟ ತುಸು ಹೆಚ್ಚುಕಡಿಮೆ ಆಗುವುದರಿಂದ ಮೂರು ಸಲದ ಸರಾಸರಿ ತೆಗೆಯಿರಿ.

ಕಚೇರಿ 18 ಕಿ.ಮೀ. ದೂರವಿದೆ ಎನ್ನೋಣ. ಹೋಗಿಬರಲು 36, ವರ್ಷದ 220 ಕೆಲಸದ ದಿನಗಳಿಗೆ 7,920 ಕಿ.ಮೀ. 100 ಕಿ.ಮೀ.ಗೆ 6 ಲೀಟರ್ ಎಂಬ ಕಂಪನಿಯ ಮಾತಿನಂತೆ 475 ಲೀಟರ್ ಸಾಕು. ನಗರದಲ್ಲಿ 8 ಕುಡಿದರೆ 634 ಬೇಕು. ಈ ಅಂತರದ ದೊಡ್ಡ ಪಾಲು ನಿಂತಲ್ಲೇ ಉರಿದುಹೋಗುತ್ತದೆ. ಏಸಿ ಹಾಕಿಕೊಂಡು ನಿಂತ ಸಾಧಾರಣ ಪೆಟ್ರೋಲ್ ಕಾರು ಗಂಟೆಗೆ ಸುಮಾರು ಒಂದು ಲೀಟರ್ ಸುಡುತ್ತದೆ. ದಿನಕ್ಕೆ 40 ನಿಮಿಷ ಸಿಗ್ನಲ್, ಜಾಮ್‌ಗಳಲ್ಲಿ ಕಳೆದರೆ ವರ್ಷಕ್ಕೆ 147 ಗಂಟೆ! ಹಾಗಾಗಿ ಹತ್ತಿರದ ಮನೆಯೂ ಸಿಗ್ನಲ್ ಜಾಸ್ತಿಯಿದ್ದರೆ ದುಬಾರಿ. ವಾರದ ನಡುವಿನ ಒಂದು ದಿನ, ಕೆಲಸಕ್ಕೆ ಹೊರಡುವ ಹೊತ್ತಿಗೇ ಆ ದಾರಿಯಲ್ಲಿ ಓಡಿಸಿ ನೋಡಿ. ಭಾನುವಾರ ನೋಡಿ ಬಂದರೆ ಏನೂ ತಿಳಿಯದು.

ಟೈರಿನ ಗಾಳಿಯನ್ನು ತಿಂಗಳಿಗೊಮ್ಮೆ, ಗಾಡಿ ತಣ್ಣಗಿದ್ದಾಗ ನೋಡಿಸಿ. ಸರಿಯಾದ ಒತ್ತಡ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲಿರುತ್ತದೆ. ಟೈರಿನ ಮೇಲೇ ಅಚ್ಚಾಗಿರುವುದು ಅದು ತಡೆಯುವ ಗರಿಷ್ಠ ಒತ್ತಡ.

ಇನ್ನು ಕಣ್ಣಿಗೆ ಬೀಳದ ಖರ್ಚು. ವಿಮೆ, ತೆರಿಗೆ, ಸಾಲದ ಬಡ್ಡಿ, ಸರ್ವಿಸ್ ಎಲ್ಲರಿಗೂ ನೆನಪಿರುತ್ತವೆ. ಕಾರಿನ ಬೆಲೆ ಇಳಿಯುವುದನ್ನು ಮಾತ್ರ ಬರೆದಿಡುವವರು ಕಡಿಮೆ. ಹೊಸ ಕಾರಿಗೆ ಬಹಳ ಸಲ ಇದೇ ಎಲ್ಲಕ್ಕಿಂತ ದೊಡ್ಡ ಬಾಬ್ತು. ನಿಮ್ಮದೇ ಮಾದರಿಯ ಐದು ವರ್ಷ ಹಳೆಯ ಕಾರು ಎಷ್ಟಕ್ಕೆ ಮಾರಾಟಕ್ಕಿದೆ ನೋಡಿ, ಹೊಸದರ ಬೆಲೆಯಿಂದ ಕಳೆದು ಐದರಿಂದ ಭಾಗಿಸಿ.

ಬಸ್ಸು, ಮೆಟ್ರೊ ಪಾಸಿನ ಜೊತೆ ಹೋಲಿಸುವಾಗ ಬಹಳ ಜನ ತಪ್ಪುವುದು ಇಲ್ಲೇ. ಕಾರನ್ನು ಮನೆಯಲ್ಲಿ ಬಿಟ್ಟುಹೋದರೂ ವಿಮೆ, ತೆರಿಗೆ ತಪ್ಪುವುದಿಲ್ಲ. ಆದ್ದರಿಂದ ಈಗಾಗಲೇ ಇರುವ, ಹೇಗೂ ಇಟ್ಟುಕೊಳ್ಳುವ ಕಾರಾದರೆ ಇಂಧನ, ಟೋಲ್, ಪಾರ್ಕಿಂಗ್, ಟೈರಿನ ಸವೆತವನ್ನಷ್ಟೇ ಪಾಸಿನ ಎದುರಿಗಿಡಿ. ಎರಡನೇ ಕಾರು ಕೊಳ್ಳುವ ಯೋಚನೆಯಿದ್ದರೆ ಪೂರ್ತಿ ಖರ್ಚನ್ನು ಇಡಿ. ನಿಜವಾದ ಉಳಿತಾಯ ಆ ಎರಡನೇ ಕಾರನ್ನು ಕೊಳ್ಳದಿರುವುದರಲ್ಲಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪಾರ್ಕಿಂಗ್‌ಗೆ ತಿಂಗಳ ದರವನ್ನು ದಿನದ ದರದಿಂದ ಭಾಗಿಸಿ. 16 ಬಂದು, ನೀವು ಕಚೇರಿಗೆ ಹೋಗುವುದು 12 ದಿನವಾದರೆ ತಿಂಗಳ ಪಾಸು ನಷ್ಟ. ನಗರದ ನಡುವೆ ಪ್ರವೇಶ ಶುಲ್ಕವಿದೆಯೇ ಎಂದೂ ವಿಚಾರಿಸಿ. ಸಿಂಗಪುರ 1975ರಲ್ಲಿ, ಲಂಡನ್ 2003ರಲ್ಲಿ ಇಂಥ ಶುಲ್ಕ ತಂದವು. ಹಲವೆಡೆ ಗೇಟು ಇರುವುದಿಲ್ಲ, ಕ್ಯಾಮರಾ ನಂಬರ್ ಪ್ಲೇಟ್ ಓದುತ್ತದೆ. ಗೊತ್ತಿಲ್ಲದೆ ಒಳಹೊಕ್ಕವರಿಗೆ ದಂಡದ ಪತ್ರವೇ ಮೊದಲ ಸುದ್ದಿ.

ಕೆಲವು ದೇಶಗಳ ವಿಮೆಯಲ್ಲಿ, ಕೆಲಸಕ್ಕೆ ಓಡಿಸುತ್ತೀರಾ, ವರ್ಷಕ್ಕೆ ಎಷ್ಟು ದೂರ ಎಂದು ಕೇಳುತ್ತಾರೆ. ಕಂತು ಇಳಿಸಲು ಕಡಿಮೆ ಬರೆಯಬೇಡಿ. ಅಪಘಾತವಾದಾಗ ಪರಿಹಾರ ಕಡಿತವಾಗಬಹುದು, ಸಿಗದೆಯೂ ಹೋಗಬಹುದು.