ಜೈಲು ಹುಡುಗರ ಹಳೇ ತಲೆಪೆಟ್ಟು: ನನ್ನ ಅನುಭವ

ಹೊಸ ಹುಡುಗ ಬಂದರೆ ಈಗ ವಾರ್ಡರುಗಳೇ 'ಇವನ ತಲೆ ಒಂದ್ಸಲ ನೋಡಿ ಸಾರ್' ಎಂದು ನನ್ನ ಹತ್ತಿರ ಕಳಿಸುತ್ತಾರೆ. ಹಳೇ ತಲೆಪೆಟ್ಟಿನಿಂದ ಹೇಳಿದ ಮಾತು ತಲೆಯಲ್ಲಿ ನಿಲ್ಲದೆ ಹುಡುಗರು ರೇಗುವುದುಂಟು ಎಂದರೆ, ಕೆಲವು ವರ್ಷಗಳ ಹಿಂದೆ ಇದೇ ಮಂದಿ 'ಎಲ್ಲಾ ನಾಟಕ, ನಾಲ್ಕು ಬಿಟ್ಟರೆ ಸರಿ ಹೋಗ್ತಾರೆ' ಅನ್ನುತ್ತಿದ್ದರು. ಜಿಲ್ಲಾ ಜೈಲಿನಲ್ಲಿ 18ರಿಂದ 21 ವಯಸ್ಸಿನ ವಿಚಾರಣಾಧೀನ ಹುಡುಗರ ಆಪ್ತಸಮಾಲೋಚನೆ ನನ್ನ ಕೆಲಸ.

ಬ್ರಿಟನ್ನಿನ ಮನಃಶಾಸ್ತ್ರಜ್ಞ ಹ್ಯೂ ವಿಲಿಯಮ್ಸ್ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಪರಾಧ ಪ್ರಕರಣಗಳಲ್ಲಿ ಸಿಕ್ಕಿಬಿದ್ದ ಇನ್ನೂರರಷ್ಟು ಹುಡುಗರನ್ನು ಕೇಳಿದಾಗ ಶೇ. 46ರಷ್ಟು ಮಂದಿ ತಲೆಗೆ ಪೆಟ್ಟು ಬಿದ್ದು ಜ್ಞಾನ ತಪ್ಪಿದ್ದನ್ನು ಹೇಳಿಕೊಂಡಿದ್ದರು. ನಮ್ಮಲ್ಲಿ ಕೇಳಿದರೆ ಒಬ್ಬನೂ ಇಲ್ಲ! ಮೇಲಿನವರಿಗೆ ದಾಖಲೆ ಬೇಕಿತ್ತು, ಹಾಗಾಗಿ ತಲೆಪೆಟ್ಟಿನ ಪ್ರಶ್ನೆಗಳ ಫಾರ್ಮ್ ಮಾಡಿಸಿದ್ದೆವು. ಪ್ರಿಂಟು, ಜೆರಾಕ್ಸ್ ಅಂತ ಎರಡು ಸಾವಿರದ ಆಸುಪಾಸು ನನ್ನ ಕೈಯಿಂದಲೇ ಹೋಯಿತು. ಹುಡುಗರು ಬೇಗ ಎದ್ದು ಹೋಗಲು ಎಲ್ಲಕ್ಕೂ 'ಇಲ್ಲ' ಗೀಚಿದರು. ಆಮೇಲೆ ಆಸ್ಪತ್ರೆಗೆ ಕರೆದೊಯ್ಯುವ ಪೊಲೀಸ್ ಎಸ್ಕಾರ್ಟಿಗಾಗಿ ವಾರಗಟ್ಟಲೆ ಕಾದು ಇಬ್ಬರು ಮೂವರಿಗೆ ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದೆ. ರಿಪೋರ್ಟ್ ನಾರ್ಮಲ್. ಸಿ.ಟಿ. ನಾರ್ಮಲ್ ಬಂದ ಮಾತ್ರಕ್ಕೆ ಮಿದುಳಿಗೆ ಏಟಾಗಿಲ್ಲ ಎಂದಲ್ಲ. ಆದರೆ ಜೈಲಿನಲ್ಲಿ ಆ ಒಂದು ಕಾಗದ ನನ್ನ ಬಾಯಿ ಕಟ್ಟಿಹಾಕಿತು.

ಕೆಲಸ ಮಾಡಿದ್ದು ಬೆರಳು. ಮಾತಾಡುತ್ತಾ ತಲೆ ಸವರಿ ನೋಡುತ್ತೇನೆ. ಹಳೇ ಗಾಯದ ಕಲೆ ಸಿಕ್ಕ ಕಡೆ ನಿಲ್ಲಿಸಿ 'ಇದು ಯಾವಾಗಿನದು? ಕಣ್ಣು ಬಿಟ್ಟಾಗ ಎಲ್ಲಿದ್ದೆ? ಪಕ್ಕದಲ್ಲಿ ಯಾರಿದ್ದರು?' ಎಂದು ಕೇಳುತ್ತೇನೆ. ಬೈಕು, ಮಾವಿನ ಮರ, ಅಪ್ಪನ ಕೈಯ ದೊಣ್ಣೆ, ಒಂದೊಂದಾಗಿ ಹೊರಗೆ ಬರುತ್ತವೆ. ನಟಿಸುವವನನ್ನು ಹಿಡಿಯಲು ಇನ್ನೊಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಅದನ್ನಿಲ್ಲಿ ಬರೆಯುವುದಿಲ್ಲ. ಬ್ಯಾರಕ್ಕಿಗೆ ಮುಟ್ಟಿದರೆ ವಾರದೊಳಗೆ ಎಲ್ಲರಿಗೂ ಬಾಯಿಪಾಠ.

ಗಾರೆ ಕೆಲಸದ ಹುಡುಗನೊಬ್ಬ ಸೆಂಟ್ರಿಂಗ್ ಮೇಲಿಂದ ಬಿದ್ದಿದ್ದ. 'ತಟ್ಟೆ ತೊಳಿ, ಹಾಸಿಗೆ ಮಡಚು, ಎಣಿಕೆಗೆ ಬಾ' ಎಂದು ಒಂದೇ ಉಸಿರಿಗೆ ಹೇಳಿದರೆ ತಟ್ಟೆ ತೊಳೆದು ನಲ್ಲಿ ಹತ್ತಿರವೇ ನಿಂತುಬಿಡುತ್ತಿದ್ದ. ಕೊಬ್ಬು ಎಂದುಕೊಂಡು ಬೈಯುತ್ತಿದ್ದರು, ಅವನು ಮೈಮೇಲೆ ಬೀಳುತ್ತಿದ್ದ. ಒಂದು ಸಲಕ್ಕೆ ಒಂದೇ ಮಾತು, ಅದನ್ನು ಅವನ ಬಾಯಲ್ಲಿ ತಿರುಗಿ ಹೇಳಿಸಬೇಕು, ಗಲಾಟೆಯಿಲ್ಲದ ಮೂಲೆಯಲ್ಲಿ ಮಲಗಿಸಬೇಕು, ಕೋರ್ಟ್ ತಾರೀಖು ಕಣ್ಣಿಗೆ ಬೀಳುವಂತೆ ಚೀಟಿಯಲ್ಲಿರಬೇಕು. ಇಷ್ಟೇ ಮಾಡಿಸಿದ್ದು. ಚೀಟಿ ಲ್ಯಾಮಿನೇಷನ್ನಿಗೆ ಇಪ್ಪತ್ತು ರೂಪಾಯಿಯೋ ಏನೋ. ಒಂದೆರಡು ತಿಂಗಳಲ್ಲಿ ಅವನ ಮೇಲಿನ ದೂರು ಹೆಚ್ಚುಕಡಿಮೆ ನಿಂತೇಹೋಯಿತು. ಎರಡು ಸಾವಿರದ ಫಾರ್ಮ್ ಮಾಡದ್ದನ್ನು ಈ ಚೀಟಿ ಮಾಡಿತು ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ನಡುವೆ ಕಾಫಿಪುಡಿ, ಲವಂಗ ಡಬ್ಬಿಯಲ್ಲಿ ಹಾಕಿ ಕಣ್ಣು ಮುಚ್ಚಿಸಿ ಮೂಸಿಸಿಯೂ ನೋಡಿದೆ. ತಲೆಗೆ ಜೋರು ಏಟು ಬಿದ್ದವರಲ್ಲಿ ಕೆಲವರಿಗೆ ವಾಸನೆಯ ನರ ಹರಿದಿರುತ್ತದೆ. ಹಳಸಿದ ಸಾರನ್ನೂ ಸುಮ್ಮನೆ ಉಣ್ಣುತ್ತಿದ್ದವನೊಬ್ಬ ಹೀಗೇ ಸಿಕ್ಕಿದ. ಆದರೆ ಶೀತ, ಬೀಡಿ ಇದ್ದರೂ ವಾಸನೆ ಕಡಿಮೆಯಾಗುತ್ತದೆ, ಇದೊಂದನ್ನೇ ನೆಚ್ಚಬೇಡಿ.

ಇನ್ನು ಕೋರ್ಟು. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ 1958ರ 6ನೇ ಕಲಮಿನಂತೆ, ಜೀವಾವಧಿಯಂಥ ಶಿಕ್ಷೆ ಇಲ್ಲದ ಪ್ರಕರಣದಲ್ಲಿ ತಪ್ಪು ಸಾಬೀತಾದ, 21 ತುಂಬದವನಿಗೆ ಜೈಲು ಶಿಕ್ಷೆ ಕೊಡುವ ಮೊದಲು ನ್ಯಾಯಾಲಯ, ಅವನ ನಡತೆ, ಹಿನ್ನೆಲೆ ವಿಚಾರಿಸುವ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು. ನನ್ನ ಟಿಪ್ಪಣಿ ಹೋಗುವುದು ಆ ವರದಿಗೆ. ಅರ್ಧ ಪುಟ ದಾಟಿಸಬೇಡಿ: ಯಾವ ವರ್ಷ ಬಿದ್ದ, ಎಷ್ಟು ಹೊತ್ತು ಜ್ಞಾನ ಇರಲಿಲ್ಲ, ಈಗೇನು ಕಷ್ಟ. ಜೊತೆಗೆ ಏನು ಮಾಡಿದ್ದರಿಂದ ಸುಧಾರಿಸಿದ ಎಂಬ ಸಾಲು ಇರಲೇಬೇಕು. ಅದಿಲ್ಲದಿದ್ದರೆ ನ್ಯಾಯಾಧೀಶರ ಕಣ್ಣಿಗೆ ಅವನು ಅಪಾಯದ ಹುಡುಗನಾಗಿ ಮಾತ್ರ ಕಾಣುತ್ತಾನೆ.